ಹೊತ್ತು ಮುಳುಗಿದ ಮೇಲಿನ ಎದೆಬೇನೆ

ಹಾರೂಗೇರಿಯ ಪೇಟೆಯಲ್ಲಿ ಧನಪಾಲರ ಪಾತ್ರೆ ಅಂಗಡಿ ಗೊತ್ತಿಲ್ಲದವರಿಲ್ಲ. ತೆಲಸಂಗದಲ್ಲಿ ಮದುವೆ ಗೊತ್ತಾದರೂ ಸರಿ, ಕರೋಶಿಯಲ್ಲಿ ಸೀಮಂತವಾದರೂ ಸರಿ, ಹಂಡೆ ಕೊಡ ಕೊಳ್ಳಲು ಜನ ಅಲ್ಲಿಗೇ ಬರುತ್ತಿದ್ದರು. ಆದರೆ ಊರು ಅವರಿಗೆ ಕೈ ಮುಗಿಯುತ್ತಿದ್ದುದು ಪಾತ್ರೆಗಳಿಗಾಗಿ ಅಲ್ಲ. ಹೊತ್ತು ಮುಳುಗಿದ ಮೇಲೆ ಧನಪಾಲರು ಬಾಯಿಗೆ ತುತ್ತು ಇಡುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ ಎಂಬ ಕಾರಣಕ್ಕೆ.

ಜೈನರ ಮನೆಗಳಲ್ಲಿ ಇದೇನೂ ಹೊಸ ನೇಮವಲ್ಲ. ಆದರೆ ಈಗೀಗ ಮಕ್ಕಳು ಟ್ಯೂಷನ್ ಮುಗಿಸಿ ಮನೆಗೆ ಬರುವುದೇ ಕತ್ತಲಾದ ಮೇಲೆ. ಕಬ್ಬಿನ ಲಾರಿ ಹಿಂದೆ ಹೋದ ಗಂಡಸರು ಬರುವುದು ಅದಕ್ಕಿಂತ ತಡವಾಗಿ. ಹೀಗಾಗಿ ನೇಮ ಅಲ್ಲಲ್ಲಿ ಸಡಿಲಾಗಿತ್ತು. ಸಡಿಲಾದವರಿಗೆಲ್ಲ ಬುದ್ಧಿ ಹೇಳುವ ಹೊಣೆ ಜೈನ ಬಸ್ತಿ ಕಮಿಟಿಯ ಅಧ್ಯಕ್ಷ ಅಭಿನಂದನರದು. ಅವರ ಉಪದೇಶ ಎಲ್ಲಿ ಶುರುವಾದರೂ ಮುಗಿಯುತ್ತಿದ್ದುದು ಮಾತ್ರ ಧನಪಾಲನನ್ನು ನೋಡಿ ಕಲಿಯಿರಿ ಎಂಬಲ್ಲಿಗೆ. ಧನಪಾಲರು ಆಗ ತಲೆ ತಗ್ಗಿಸಿ, ತಮ್ಮದೇನೂ ಇಲ್ಲ ಎಂಬಂತೆ ಕೈಯಾಡಿಸುತ್ತಿದ್ದರು. ಆ ಒಂದು ಸಂದರ್ಭದಲ್ಲಿ ಅವರು ನಿಜವನ್ನೇ ಹೇಳುತ್ತಿದ್ದರು.

ಏಕೆಂದರೆ ಆ ನೇಮ ಅವರದಾಗಿರಲಿಲ್ಲ, ಹೆಂಡತಿ ಚಂದ್ರಮತಿಯವರದು. ಅಂಗಡಿಯ ಹಿಂಭಾಗವೇ ಮನೆ. ಬಿಸಿಲು ಇಳಿಯುತ್ತ ಬಂದಾಗ ಚಂದ್ರಮತಿಯವರು ಒಳಬಾಗಿಲಿಗೆ ಬಂದು ನಿಂತು 'ಬರ್ರಿ' ಎನ್ನುತ್ತಿದ್ದರು. ಅಷ್ಟೇ. ಗಿರಾಕಿ ಚೌಕಾಸಿಯ ನಡುವೆ ಇದ್ದರೂ ಧನಪಾಲರು ಎದ್ದು ಹೋಗಿ, ಉಂಡು, ಕೈ ಒರೆಸಿಕೊಂಡು ಬಂದು ಚೌಕಾಸಿಯನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಮದುವೆಯಾದಂದಿನಿಂದ ಅವರು ಸೂರ್ಯನನ್ನು ನೋಡಿ ಊಟಕ್ಕೆದ್ದವರಲ್ಲ. ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದು ಯಾರಾದರೂ ಕೇಳಿದ್ದರೆ ಅಡುಗೆಮನೆಯ ಕಡೆಗೆ ಕೈ ತೋರಿಸುತ್ತಿದ್ದರೋ ಏನೋ.

ಮಗಳು ತ್ರಿಶಲಾಳನ್ನು ನಿಪ್ಪಾಣಿಗೆ ಕೊಟ್ಟಿದ್ದರು. ಆಕೆಗೆ ಅತ್ತೆ ಇಲ್ಲ. ಎರಡನೆಯ ಹೆರಿಗೆಗೆ ಚಂದ್ರಮತಿಯವರೇ ಅಲ್ಲಿಗೆ ಹೋಗಿ ಬಾಣಂತನ ಮಾಡುವುದೆಂದು ನಿಶ್ಚಯವಾಯಿತು. ಅಳಿಯ ನಿಖಿಲ ಕಾರು ತಂದ. ಹೊರಡುವ ಮುನ್ನ ಚಂದ್ರಮತಿಯವರು ಅಂಗಡಿಗೆ ಬಂದು ಉಪ್ಪಿನಕಾಯಿ ಎಲ್ಲಿದೆ, ಹಾಸಿಗೆ ಬಟ್ಟೆ ಎಲ್ಲಿದೆ ಎಂದೆಲ್ಲ ಹೇಳಿದರು. ಹೇಳುವುದು ಮುಗಿದ ಮೇಲೂ ಹೋಗದೆ ಅಲ್ಲೇ ನಿಂತರು. ಕೊನೆಗೆ ಕೇಳಿಯೇ ಬಿಟ್ಟರು.

"ನಾ ಇಲ್ಲದ ನಿಮಗ ಅಡಚಣಿ ಆಗತೈತೇನ್ರಿ?"

ಧನಪಾಲರು ಹೌದು ಎನ್ನಬೇಕಾಗಿತ್ತು. ಅವರ ಬಾಯಿಯೂ ಆ ಮಾತಿಗೇ ತೆರೆದಿತ್ತು. ಆದರೆ ಅಭಿನಂದನರು ಅಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು, ಇಬ್ಬರು ಗಿರಾಕಿಗಳೂ ಇದ್ದರು. ಗಂಡಸು ಎನಿಸಿಕೊಂಡವನು ನಾಲ್ಕು ಜನರ ಮುಂದೆ ಅಂಥ ಮಾತಿಗೆ ಏನು ಹೇಳಬೇಕೋ ಅದನ್ನೇ ಅವರು ಹೇಳಿದರು.

"ನನಗೇನ ಅಡಚಣಿ? ನಾಕ ತಿಂಗಳಲ್ಲ, ಬೇಕಾದ್ರ ವರ್ಷ ಇದ್ದು ಬಾ."

ಗಿರಾಕಿಗಳು ನಕ್ಕರು. ಅಭಿನಂದನರೂ ನಕ್ಕರು. ಚಂದ್ರಮತಿಯವರು ನಗಲಿಲ್ಲ. ಸೆರಗು ಸರಿಮಾಡಿಕೊಂಡು ಹೋಗಿ ಕಾರಿನಲ್ಲಿ ಕುಳಿತರು.

ಊಟಕ್ಕೆ ವ್ಯವಸ್ಥೆಯೇನೋ ಆಗಿತ್ತು. ಚಿಕ್ಕಪ್ಪನ ಸೊಸೆ ದ್ರೌಪದಿ ಎದುರು ಓಣಿಯಿಂದ ಡಬ್ಬಿ ಕಳಿಸುತ್ತಿದ್ದಳು. ಬಿಸಿಲಿದ್ದಾಗಲೇ ಡಬ್ಬಿ ಬಂದು ದುಡ್ಡಿನ ಗಲ್ಲೆಯ ಪಕ್ಕ ಕೂರುತ್ತಿತ್ತು. ಆದರೆ ಡಬ್ಬಿ 'ಬರ್ರಿ' ಎನ್ನುವುದಿಲ್ಲ. ಧನಪಾಲರು ಎಂದಿನಂತೆ ಚೌಕಾಸಿ ಮಾಡುತ್ತ, ನಡುನಡುವೆ ಒಳಬಾಗಿಲಿನ ಕಡೆ ನೋಡುತ್ತ, ಇನ್ನೂ ಹೊತ್ತಿದೆ ಎಂದುಕೊಂಡು ಕೂರುತ್ತಿದ್ದರು. ನೋಡನೋಡುತ್ತ ಬೀದಿದೀಪ ಹತ್ತಿಕೊಳ್ಳುತ್ತಿತ್ತು. ನೇಮದ ಪ್ರಕಾರ ಡಬ್ಬಿಯ ಆಯುಷ್ಯ ಅಲ್ಲಿಗೆ ಮುಗಿದಂತೆ. ಮರುದಿನ ಮುಂಜಾನೆ ಅದು ಎಮ್ಮೆಯ ಪಾಲು.

ಮೊದಲ ಕೆಲವು ದಿನ ಧನಪಾಲರು ಹಸಿದು ಮಲಗಿದರು. ಆಮೇಲೊಂದು ಸಂಜೆ ಅಂಗಡಿ ಮುಚ್ಚಿ, ಗಾಳಿಗೆಂದು ಬಸ್ ಸ್ಟ್ಯಾಂಡಿನ ಕಡೆ ಹೋದರು. ಅಲ್ಲಿ ತುಕಾರಾಮನ ವಡೆಯ ಗಾಡಿ. ಕಾದ ಎಣ್ಣೆಯಲ್ಲಿ ಬಟಾಟಿ ವಡೆ ತಿರುಗುತ್ತಿತ್ತು. ಬಟಾಟಿ ಎಂದರೆ ಆಲೂಗಡ್ಡೆ, ಗಡ್ಡೆಯಾದ್ದರಿಂದ ಅವರ ಮನೆಗೆ ಬಾರದ ಪದಾರ್ಥ. ಮೇಲೆ ಬೆಳ್ಳುಳ್ಳಿ ಚಟ್ನಿ. ಅದಂತೂ ಹೆಸರು ಹೇಳಬಾರದ ಪದಾರ್ಥ. ಇಷ್ಟು ಸಾಲದೆಂಬಂತೆ ಹೊತ್ತು ಬೇರೆ ಮುಳುಗಿತ್ತು. ಒಂದೇ ಒಂದು ವಡೆಯಲ್ಲಿ ಇಷ್ಟೆಲ್ಲ ಪಾಪ ಒಟ್ಟಿಗೆ ಸಿಗುವ ಜಾಗ ತಾಲೂಕಿನಲ್ಲಿ ಮತ್ತೊಂದಿರಲಾರದು. ಧನಪಾಲರು ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ಎರಡು ವಡೆ ಕೇಳಿದರು.

ತುಕಾರಾಮನಿಗೆ ಮಫ್ಲರಿನ ಒಳಗೆ ಯಾರಿದ್ದಾರೆಂದು ತಿಳಿಯಲಿಲ್ಲವೆಂದಲ್ಲ. ಅವನ ಬಾಣಲಿಯೇ ಧನಪಾಲರ ಅಂಗಡಿಯದು. ಆದರೆ ಅವನು ಮರ್ಯಾದಸ್ಥ. ಮಾತಾಡದೆ ಗಾಡಿಯ ಹಿಂದೆ, ಬೆಳಕು ಬೀಳದ ಕಡೆ ಒಂದು ಸ್ಟೂಲು ಹಾಕಿದ. ಮರುದಿನದಿಂದ ಆ ಸ್ಟೂಲು ಅಲ್ಲೇ ಇರತೊಡಗಿತು.

ತಿನ್ನುವಾಗ ಆನಂದವೇ. ಮನೆಗೆ ಬಂದು ಬೀಗ ತೆಗೆದು, ಕತ್ತಲ ಪಡಸಾಲೆಯಲ್ಲಿ ಸ್ವಿಚ್ಚಿಗೆ ಕೈಯಾಡಿಸುವಾಗ ಎದೆಯ ನಟ್ಟನಡುವೆ ಶುರುವಾಗುತ್ತಿತ್ತು. ಯಾರೋ ತುಂಬಿದ ತಾಮ್ರದ ಕೊಡವನ್ನು ಎದೆಯ ಮೇಲಿಟ್ಟು, ಎತ್ತಿಕೊಳ್ಳಲು ಮರೆತು ಹೋದ ಹಾಗೆ. ಧನಪಾಲರು ಮೊದಲು ಇದು ಪಾಪದ ಫಲ ಎಂದುಕೊಂಡರು. ಆಮೇಲೆ ಹೃದಯ ಎಂದುಕೊಂಡರು. ಹೃದಯ ಎಂದುಕೊಂಡ ಕೂಡಲೆ ಅದು ಡಬ್ ಡಬ್ ಎಂದು ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಂಡಷ್ಟೂ ನೋವು ಹೆಚ್ಚುತ್ತಿತ್ತು, ನೋವು ಹೆಚ್ಚಿದಷ್ಟೂ ಅದು ಹೃದಯವೇ ಎಂಬುದು ಖಚಿತವಾಗುತ್ತಿತ್ತು. ಚಂದ್ರಮತಿ ಇದ್ದಿದ್ದರೆ ಓಮಕಾಳು ಕೊಡುತ್ತಿದ್ದಳು ಎಂಬ ವಿಚಾರ ಬಂದರೆ ಮಾತ್ರ ನೋವು ಒಂದಿಷ್ಟು ಜಾಗ ಬದಲಿಸಿ, ಬೇರೆ ಕಡೆ ನೋಯುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ ತೆಲಸಂಗದ ಮದುವೆಯವರು ದೊಡ್ಡ ಹಂಡೆ ನೋಡಲು ಬಂದರು. ಹಿಂದಿನ ಸಂಜೆ ಧನಪಾಲರು ವಡೆಯ ಜೊತೆಗೆ ಮಿರ್ಚಿ ಬಜಿಯನ್ನೂ ಸೇರಿಸಿದ್ದರು. ಹಂಡೆಯ ತಳ ಎಷ್ಟು ಗಟ್ಟಿ ಎಂದು ತೋರಿಸಲು ಬಗ್ಗಿದವರಿಗೆ ಎದೆಯಲ್ಲಿ ಚಳಕು ಹೊಡೆಯಿತು. ಎದೆ ಹಿಡಿದುಕೊಂಡು, ಹಿಂದೆ ಸ್ಟೂಲಿದೆ ಎಂದು ಭಾವಿಸಿ ಕುಳಿತರು. ಹಿಂದೆ ಇದ್ದುದು ಇನ್ನೊಂದು ಹಂಡೆ. ಸೊಂಟ ಒಳಗೆ ಹೋಯಿತು, ಮೊಳಕಾಲು ಗದ್ದಕ್ಕೆ ಬಂತು, ಟೊಪ್ಪಿಗೆ ಮಾತ್ರ ತಲೆಯ ಮೇಲೆ ನೆಟ್ಟಗಿತ್ತು.

ಪೇಟೆಗೆ ಪೇಟೆಯೇ ಬಂದು ಸೇರಿತು. ಎಳೆಯುವವರು ಎಳೆದರು. ಎಳೆದರೆ ಹಂಡೆಯೂ ಜೊತೆಗೆ ಬರುತ್ತಿತ್ತು. ಅಭಿನಂದನರು ಧಾವಿಸಿ ಬಂದು, ಹಂಡೆಯನ್ನು ಹಿಡಿಯುವವರು ಯಾರು, ಧನಪಾಲನನ್ನು ಹಿಡಿಯುವವರು ಯಾರು ಎಂದು ಜನರನ್ನು ಎರಡು ಗುಂಪು ಮಾಡಿದರು. ಅಷ್ಟರಲ್ಲಿ ಎದುರಿನ ದವಾಖಾನೆಯ ಡಾಕ್ಟರ್ ಸ್ನೇಹಲ ಬಂದಳು. ರೋಗಿ ಹಂಡೆಯಲ್ಲಿದ್ದಾಗಲೇ ನಾಡಿ ಹಿಡಿದಳು, ಎದೆಗೆ ಕೊಳವೆ ಇಟ್ಟಳು. ಆಮೇಲೆ, ಯಾವ ಡಾಕ್ಟರಾದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು.

"ನಿನ್ನೆ ರಾತ್ರಿ ಏನ ಊಟ ಮಾಡಿದ್ರಿ, ಕಾಕಾ?"

ಧನಪಾಲರು ಹಂಡೆಯೊಳಗಿಂದ ಒಂದೊಂದೇ ಮುಖ ನೋಡಿದರು. ಎಲ್ಲರೂ ಗುರುತಿನವರು. ಗುಂಪಿನ ಹಿಂದೆ ಕೈಯಲ್ಲಿ ಸವಟು ಹಿಡಿದ ತುಕಾರಾಮನೂ ಇದ್ದ. ಅವನು ಆಕಾಶ ನೋಡುತ್ತಿದ್ದ.

ಅವರು ಬಾಯಿ ತೆರೆಯುವ ಮೊದಲೇ ಅಭಿನಂದನರು ಉತ್ತರ ಕೊಟ್ಟರು. ಈ ಮನುಷ್ಯ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವನಲ್ಲ, ಗಡ್ಡೆ ಗೆಣಸು ಕಣ್ಣಿಂದ ನೋಡುವವನಲ್ಲ, ಇಂಥವನಿಗೆ ಊಟದ ಪ್ರಶ್ನೆ ಕೇಳುವುದೇ ತಪ್ಪು ಎಂದರು. ಜನ ಹೌದೆಂದು ತಲೆ ಆಡಿಸಿದರು. ಧನಪಾಲರೂ ಆಡಿಸಿದರು. ಹಂಡೆಯಲ್ಲಿ ಕುಳಿತವನಿಗೆ ಉಳಿದಿರುವ ಮರ್ಯಾದೆ ಅದೊಂದೇ.

ಎಣ್ಣೆ ಹಚ್ಚಿ ಅವರನ್ನು ಹೊರತೆಗೆದದ್ದಾಯಿತು. ಇಸಿಜಿ ತೆಗೆದದ್ದೂ ಆಯಿತು. ಅದು ಸರಿಯಾಗಿಯೇ ಇತ್ತು. ಸ್ನೇಹಲ ಹುಬ್ಬು ಗಂಟಿಕ್ಕಿ ಯೋಚಿಸಿದಳು. ತನಗೆ ಇದು ಹೊಟ್ಟೆಯ ಬಾಬತ್ತೆಂದೇ ಅನ್ನಿಸಿತ್ತು, ಆದರೆ ಊಟದಲ್ಲಿ ಏನೂ ಇಲ್ಲವೆಂದ ಮೇಲೆ ಬಿಡುವ ಹಾಗಿಲ್ಲ, ಚಿಕ್ಕೋಡಿಯಲ್ಲಿ ಹೃದಯದ ಡಾಕ್ಟರಿದ್ದಾರೆ, ಓಡಿಸಿ ನೋಡುವ ಪರೀಕ್ಷೆ ಮಾಡಿಸಿಕೊಂಡು ಬರಲಿ ಎಂದಳು. ಅಲ್ಲಿಯವರೆಗೆ ರಾತ್ರಿ ಮಲಗುವಾಗ ನುಂಗಲು ಒಂದು ಗುಳಿಗೆ ಕೊಟ್ಟಳು.

ಆ ಗುಳಿಗೆ ದೊಡ್ಡ ಅನರ್ಥಕ್ಕೆ ಕಾರಣವಾಯಿತು. ರಾತ್ರಿ ನುಂಗುವುದೆಂದರೆ ನೀರು ಬೇಕು, ನೀರೆಂದರೆ ನೇಮಭಂಗ. ಧನಪಾಲ ಜೀವ ಹೋದರೂ ರಾತ್ರಿ ಗುಳಿಗೆ ನುಂಗುವುದಿಲ್ಲ ಎಂದು ಅಭಿನಂದನರು ಧನಪಾಲರನ್ನು ಕೇಳದೆಯೇ ಸಾರಿಬಿಟ್ಟರು. ಸಂಜೆಯ ಹೊತ್ತಿಗೆ ಇದು ಎಲ್ಲರ ಬಾಯಲ್ಲಿತ್ತು. ಧನಪಾಲರು ನೀರಿಲ್ಲದೆ ಮಿರ್ಚಿ ನುಂಗುತ್ತಿದ್ದರೇ ಹೊರತು ಗುಳಿಗೆ ನುಂಗುವ ಸ್ವಾತಂತ್ರ್ಯ ಅವರಿಗೆ ಉಳಿಯಲಿಲ್ಲ.

ಸುದ್ದಿಗೆ ಕಾಲು ಮೂಡಿತು. ರಾಯಬಾಗಕ್ಕೆ ಹೋಗುವಷ್ಟರಲ್ಲಿ ಅದು ಅಟ್ಯಾಕ್ ಆಯಿತು, ಅಥಣಿಯಲ್ಲಿ ಆಪರೇಷನ್ ಆಯಿತು. ಕಾಗವಾಡದ ನೆಂಟರು ಒಂದು ಜೀಪು ತುಂಬ ಬಂದು ಇಳಿದಾಗ ಧನಪಾಲರು ಗಲ್ಲೆಯ ಮೇಲೆ ಕುಳಿತು ಸ್ಟೀಲ್ ತಾಟು ಒರೆಸುತ್ತಿದ್ದರು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡೇ ಇಳಿದಿದ್ದರು. ಅವರ ಮುಖ ನೋಡಿದರೆ ಧನಪಾಲರು ಹೀಗೆ ಎದ್ದು ಕುಳಿತಿದ್ದುದೇ ತಪ್ಪೆನ್ನುವಂತಿತ್ತು. ಅಷ್ಟು ದೂರದಿಂದ ಬಂದವರಿಗೆ ಬೇಸರವಾಗದಿರಲೆಂದು ಅವರು ಒಳಗೆ ಹೋಗಿ ಮಲಗಿಕೊಂಡರು.

ದ್ರೌಪದಿ ಉಪ್ಪು ಬಿಟ್ಟಳು, ಎಣ್ಣೆ ಬಿಟ್ಟಳು, ಖಾರ ಬಿಟ್ಟಳು. ಡಬ್ಬಿಯಲ್ಲಿ ಈಗ ಬರುತ್ತಿದ್ದುದು ಬೇಯಿಸಿದ ಹೆಸರುಬೇಳೆಯ ನೀರು. ಅದನ್ನು ಕಂಡ ಮೇಲೆ ಮನುಷ್ಯಮಾತ್ರದವನು ವಡೆಯ ಗಾಡಿಗೆ ಹೋಗದೆ ಇರಲಾರ. ಹೋದರೆ ನೋವು. ನೋವೆಂದರೆ ಇನ್ನಷ್ಟು ಪಥ್ಯ. ಪಥ್ಯವೆಂದರೆ ಮತ್ತೆ ಗಾಡಿ. ಅವರು ಸೊರಗಿದ್ದನ್ನು ಕಂಡು ಜನ, ನೇಮ ಬಿಡದೆ ರೋಗ ಸಹಿಸುವವರು ಹೀಗೇ ಎಂದು ಮಕ್ಕಳಿಗೆ ತೋರಿಸಿದರು.

ನಿಪ್ಪಾಣಿಯಿಂದ ಫೋನು ಬಂದದ್ದು ನೆಂಟರು ಪಡಸಾಲೆಯಲ್ಲಿ ಸುತ್ತ ಕುಳಿತಿದ್ದ ವೇಳೆಯಲ್ಲಿ. ಹಿಂದಿನಿಂದ ಕೂಸು ಅಳುವುದು ಕೇಳಿಸಿತು, ಆಮೇಲೆ ಚಂದ್ರಮತಿಯವರ ದನಿ. ಅವರು ರೋಗದ ಸುದ್ದಿ ಕೇಳಲೇ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದರು. ಆಗುತ್ತಿದೆ ಎಂದರು ಧನಪಾಲರು. ನಿದ್ದೆ ಬರುತ್ತಿದೆಯೇ ಎಂದರು. ಬರುತ್ತಿದೆ ಎಂದರು.

"ನಾ ಬರ್ಲೇನ್ರಿ?" ಎಂದರು ಚಂದ್ರಮತಿಯವರು.

ಧನಪಾಲರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ನೆಂಟರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಯಾತಕ್ಕ? ಬ್ಯಾಡ. ಕೂಸು ಸಣ್ಣದೈತಿ," ಎಂದರು.

ಫೋನು ಇಟ್ಟ ಮೇಲೆ ಅಭಿನಂದನರು, ಹೆಂಡತಿಯನ್ನೂ ಕರೆಸದ ಈ ಧೈರ್ಯ ಯಾರಿಗೆ ಬಂದೀತು ಎಂದು ಎಲ್ಲರಿಗೂ ಹೇಳಿದರು. ಧನಪಾಲರು ಎದೆ ನೀವಿಕೊಳ್ಳುತ್ತ ಒಳಬಾಗಿಲಿನ ಕಡೆ ತಿರುಗಿ ಮಲಗಿದರು. ಅಂದು ಅವರು ವಡೆ ತಿಂದಿರಲಿಲ್ಲ. ನೋವು ಮಾತ್ರ ಎಂದಿಗಿಂತ ಜೋರಾಗಿತ್ತು.

ಚಿಕ್ಕೋಡಿಗೆ ಹೊರಟಾಗ ಕಾರಿನಲ್ಲಿ ರೋಗಿಗೇ ಜಾಗ ಸಾಲದಷ್ಟು ಜನ ಹತ್ತಿದ್ದರು. ಹೃದಯದ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಧನಪಾಲರ ಎದೆಗೆ ವಾಯರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಪಟ್ಟಿ ಸರಿಯತೊಡಗಿತು, ಧನಪಾಲರು ಧೋತರ ಎತ್ತಿ ಕಟ್ಟಿ ಓಡತೊಡಗಿದರು. ಗಾಜಿನ ಆಚೆಯಿಂದ ಅಭಿನಂದನರೂ ಉಳಿದವರೂ ಸಾವಕಾಶ, ಸಾವಕಾಶ ಎಂದು ಕೈಸನ್ನೆ ಮಾಡುತ್ತಿದ್ದರು. ತಮ್ಮನ್ನೇ ನೋಡುವ ಈ ಜನರಿಂದ ಓಡಿಹೋಗುವ ಇಂಥ ಅವಕಾಶ ಬಹಳ ದಿನಗಳಿಂದ ಸಿಕ್ಕಿರದಿದ್ದುದರಿಂದ ಧನಪಾಲರು ಜೋರಾಗಿಯೇ ಓಡಿದರು. ಓಡಿದರೂ ಇದ್ದಲ್ಲೇ ಇದ್ದರು, ಅದು ಬೇರೆ ಮಾತು.

ಡಾಕ್ಟರು ಕಾಗದ ನೋಡಿ, ಗಾಜಿನ ಆಚೆಗಿನ ಮುಖಗಳನ್ನೂ ನೋಡಿ ಪರದೆ ಎಳೆದರು.

"ನೋವು ಯಾವಾಗ ಸುರು ಆಗತೈತ್ರಿ?"

"ದೀಪ ಹಚ್ಚೋ ಹೊತ್ತಿಗ್ರಿ."

"ಆವಾಗ ನೀವು ಏನ ಮಾಡಾಕತ್ತಿರ್ತೀರಿ?"

ಧನಪಾಲರು ಯೋಚಿಸಿದರು. "ಏನೂ ಇಲ್ರಿ. ಒಳಬಾಗಿಲ ನೋಡ್ಕೋತ ಕುಂತಿರ್ತೀನ್ರಿ."

"ಅಲ್ಲಿಂದ ಯಾರ ಬರತಾರ?"

"ಯಾರೂ ಬರಂಗಿಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಊಟದ ಮಾತು ಕೇಳಿದರು. ಪರದೆ ಎಳೆದಿತ್ತು, ಊರು ದೂರವಿತ್ತು. ಧನಪಾಲರು ವಡೆ, ಮಿರ್ಚಿ, ಬೆಳ್ಳುಳ್ಳಿ ಚಟ್ನಿ, ಗಾಡಿಯ ಹಿಂದಿನ ಸ್ಟೂಲು ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೆ ಒಂದು ದೊಡ್ಡ ತೇಗು ಬಂತು. ಡಾಕ್ಟರು ಅದನ್ನು ಕೇಳಿ, ಇನ್ನು ಯಾವ ಪರೀಕ್ಷೆಯೂ ಬೇಕಿಲ್ಲ ಎಂದರು. ಹೃದಯ ಎತ್ತಿನ ಹೃದಯದಂತಿದೆ. ಕರಿದದ್ದು ಅರಗದೆ ಗ್ಯಾಸಾಗಿ ಎದೆಗೆ ಒತ್ತುತ್ತಿದೆ, ಆ ಒತ್ತಿಗೆ ಹೆದರಿಕೆ ಹುಟ್ಟುತ್ತಿದೆ, ಹೆದರಿದವರಿಗೆ ಹೊಟ್ಟೆ ಇನ್ನಷ್ಟು ಕೆಡುತ್ತಿದೆ. ನೋವು ಸುಳ್ಳಲ್ಲ, ಆದರೆ ಅದರಿಂದ ಸಾಯುವುದಿಲ್ಲ ಎಂದು ಬಿಡಿಸಿ ಹೇಳಿದರು.

"ಗ್ಯಾಸಿಗೆ ನನ್ನ ಕಡೆ ಗುಳಿಗಿ ಐತ್ರಿ. ಆ ಬಾಗಿಲಕ್ಕ ಇಲ್ಲ. ಅದನ್ನ ನೀವ ನೋಡ್ಕೋಬೇಕು."

ಸಾಯುವುದಿಲ್ಲವೆಂದು ತಿಳಿದವನಿಗೆ ಸಂತೋಷವಾಗಬೇಕು. ಧನಪಾಲರಿಗೆ ಮೊದಲು ಹೊಳೆದದ್ದು ಬೇರೆಯೇ. ಹೃದಯದಲ್ಲಿ ರೋಗವಿಲ್ಲವೆಂದ ಮೇಲೆ ಚಂದ್ರಮತಿಯನ್ನು ಕರೆಸಲು ಕಾರಣವೂ ಇಲ್ಲವಾಯಿತು. ಅಟ್ಯಾಕೇ ಆಗಿದ್ದರೆ ಒಂದು ಮಾತು ಹೇಳದೆಯೂ ಆಕೆ ಬಂದುಬಿಡುತ್ತಿದ್ದಳು. ಗ್ಯಾಸಿಗೆ ಯಾರು ಬರುತ್ತಾರೆ?

ಹೊರಗೆ ಬಂದ ಡಾಕ್ಟರು, ಹೃದಯಕ್ಕೆ ಏನೂ ಆಗಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಅಭಿನಂದನರು ಲೆಕ್ಕ ಹಾಕಿದರು. ಊರಿಗೇ ಗೊತ್ತಿದ್ದ ಹೃದಯರೋಗ ಗುಳಿಗೆಯಿಲ್ಲದೆ ಮಾಯವಾಗಿದೆ. ಹಾಗಾದರೆ ಇದು ಯಾವುದರ ಮಹಿಮೆ? ಕಾರು ರಾಯಬಾಗ ತಲುಪುವಷ್ಟರಲ್ಲಿ ಅದು ನೇಮದ ಮಹಿಮೆ ಎಂದು ನಿರ್ಣಯವಾಗಿತ್ತು. ಹಾರೂಗೇರಿ ತಲುಪುವಷ್ಟರಲ್ಲಿ ಬರುವ ರವಿವಾರ ಬಸ್ತಿಯ ಪಕ್ಕದ ಸಭಾಭವನದಲ್ಲಿ ಧನಪಾಲರ ಸತ್ಕಾರ ಎಂದೂ ಗೊತ್ತಾಗಿತ್ತು. ದಂಪತಿ ಸಹಿತ ಸತ್ಕಾರವಾದರೆ ಶೋಭೆ ಎಂದು ಅಭಿನಂದನರು ಕಾರಿನಿಂದಲೇ ನಿಪ್ಪಾಣಿಗೆ ಫೋನು ಮಾಡಿದರು. ಬಾಣಂತಿಯನ್ನು ನೋಡಿಕೊಳ್ಳಲು ನಿಖಿಲನ ಸೋದರತ್ತೆ ಒಂದು ದಿನದ ಮಟ್ಟಿಗೆ ಬರುತ್ತಾಳೆ, ಬೆಳಿಗ್ಗೆ ಬಂದು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತೇನೆ ಎಂದು ಚಂದ್ರಮತಿಯವರು ಒಪ್ಪಿದರು.

ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದ ಧನಪಾಲರು ಈ ಕೊನೆಯ ಮಾತು ಕೇಳಿ ಮುಚ್ಚಿಕೊಂಡರು. ಸುಳ್ಳಿನ ಸತ್ಕಾರವೋ ಏನೋ, ಆಕೆಯಂತೂ ಬರುತ್ತಾಳೆ.

ರವಿವಾರ ಸಭಾಭವನ ತುಂಬಿತ್ತು. ಚಂದ್ರಮತಿಯವರು ಬಸ್ಸಿಳಿದವರು ನೇರ ಅಲ್ಲಿಗೇ ಬಂದು ಹೆಂಗಸರ ಸಾಲಿನಲ್ಲಿ ಕುಳಿತರು. ಒಂದಿಷ್ಟು ಇಳಿದುಹೋಗಿದ್ದರು. ಕೂಸಿನ ಎಣ್ಣೆಯ ಕಲೆ ಸೆರಗಿನ ಮೇಲೆ ಹಾಗೇ ಇತ್ತು. ವೇದಿಕೆಯ ಮೇಲಿಂದ ಧನಪಾಲರು ನೋಡಿದರು. ಆಕೆಯೂ ನೋಡಿದರು, ಮುಖವನ್ನಲ್ಲ, ಸಡಿಲವಾಗಿ ಜೋತುಬಿದ್ದ ಅವರ ಅಂಗಿಯನ್ನು.

ಅಭಿನಂದನರು ಬಹಳ ಹೊತ್ತು ಮಾತಾಡಿದರು. ಹಂಡೆಯ ಪ್ರಸಂಗ ಅವರ ಬಾಯಲ್ಲಿ ತಪಸ್ಸಿನಂತೆ ಕೇಳಿಸಿತು. ಶಾಲು ಹೊದಿಸಿ, ಹಾರ ಹಾಕಿ, ಮೈಕನ್ನು ಧನಪಾಲರ ಕೈಗೆ ಕೊಟ್ಟರು. ಧನ್ಯವಾದ ಎಂದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಚಂದ್ರಮತಿಯವರು ಕುಳಿತಿದ್ದರು. ಅವರನ್ನು ನೋಡುತ್ತ ಸುಳ್ಳು ಹೇಳುವ ರೂಢಿ ಧನಪಾಲರಿಗಿರಲಿಲ್ಲ. ಇದುವರೆಗೆ ಹೇಳಿದ್ದೆಲ್ಲ ಬೇರೆಯವರ ಮುಖ ನೋಡುತ್ತ. ಎದೆಯಲ್ಲಿ ಕೊಡ ಬಂದು ಕುಳಿತಿತು.

"ನಾ ಬಟಾಟಿ ವಡಾ ತಿಂದೀನ್ರಿ," ಎಂದರು ಮೈಕಿನಲ್ಲಿ. "ಹೊತ್ತು ಮುಳುಗಿದ ಮ್ಯಾಲೆ. ದಿನಾ."

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಇದು ಉಪವಾಸದ ಪರಿಣಾಮ ಎಂದರು, ಯಾರೋ ನೆತ್ತಿಗೇರಿದ ಪಿತ್ತ ಎಂದರು. ಧನಪಾಲರು ಸಾಕ್ಷಿಯೂ ಇದ್ದಾನೆ ಎಂದು ಬಾಗಿಲ ಬಳಿ ನಿಂತಿದ್ದ ತುಕಾರಾಮನನ್ನು ತೋರಿಸಿದರು. ಎಲ್ಲರೂ ಅತ್ತ ತಿರುಗಿದರು. ತುಕಾರಾಮ ಬೆವತುಹೋದ. ತನ್ನ ಗಿರಾಕಿಯ ಮಾನ ಇಂಥ ಹೊತ್ತಿನಲ್ಲಿ ಕಾಯದಿದ್ದರೆ ತಾನೆಂಥ ವ್ಯಾಪಾರಿ?

"ಇಲ್ರಿ," ಎಂದ ಗಟ್ಟಿಯಾಗಿ. "ಸಾವ್ಕಾರ್ರು ನನ್ನ ಗಾಡಿ ಕಡೆ ಹೊಳ್ಳಿ ಸುದ್ದಾ ನೋಡಿಲ್ರಿ. ದೇವರಾಣಿ."

ಅಭಿನಂದನರ ಕಣ್ಣಲ್ಲಿ ನೀರು ಬಂತು. ನೇಮ ಎಂದೂ ತಪ್ಪದವರಿಗೇ ತಾವು ತಪ್ಪಿದೆವೇನೋ ಎಂಬ ಭಯ ಇರುತ್ತದೆ, ವಿನಯ ಎಂದರೆ ಇದು ಎಂದು ಹೇಳಿ ಇನ್ನೊಂದು ಶಾಲು ತರಿಸಿ ಮೊದಲನೆಯದರ ಮೇಲೆಯೇ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಸಭೆಯಲ್ಲಿ ಧನಪಾಲರನ್ನು ನಂಬಿದವರು ಒಬ್ಬರೇ. ಅವರು ಚಪ್ಪಾಳೆ ತಟ್ಟದೆ ಎದ್ದು ಮನೆಯ ಕಡೆ ನಡೆದಿದ್ದರು.

ಧನಪಾಲರು ಎರಡು ಶಾಲು ಹೊತ್ತುಕೊಂಡು ಮನೆ ಸೇರಿದಾಗ ಚಂದ್ರಮತಿಯವರು ಅಡುಗೆಮನೆಯಲ್ಲಿ ಒಲೆಯ ಮೇಲಿನ ಧೂಳು ಒರೆಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಓಮಕಾಳಿನ ಬಿಸಿನೀರು ತಂದು ಮುಂದಿಟ್ಟರು.

"ಎಷ್ಟ ತಿಂತಿದ್ರಿ?"

"ಎರಡ." ಸ್ವಲ್ಪ ತಡೆದು ಸೇರಿಸಿದರು, "ಒಮ್ಮೊಮ್ಮೆ ಮಿರ್ಚಿನೂ."

"ಫೋನಿನ್ಯಾಗ ಬರ್ಲೇನು ಅಂದಾಗ ಬ್ಯಾಡ ಅಂದ್ರಿ."

"ಮಂದಿ ಕುಂತಿದ್ರು."

"ಮಂದಿ ಹೋದ ಮ್ಯಾಲೆ ಮಾಡಬೇಕಿತ್ತು."

"ಮಂದಿ ಹೋದ ಮ್ಯಾಲೆ ಎದಿ ನೋಯತಿತ್ತು," ಎಂದರು ಧನಪಾಲರು.

ಚಂದ್ರಮತಿಯವರು ಲೋಟವನ್ನೇ ನೋಡುತ್ತ ಕುಳಿತರು. ನಗುತ್ತಾರೋ ಅಳುತ್ತಾರೋ ಎಂದು ತಿಳಿಯದ ಹಾಗಿತ್ತು ಅವರ ಮುಖ.

"ಬೇಕಾದ್ರ ವರ್ಷ ಇದ್ದು ಬಾ ಅಂದ್ರಿ. ಆ ಮಾತ ಹೊಟ್ಟ್ಯಾಗ ಇಟಗೊಂಡ ಹೋಗೀನಿ. ನನಗೂ ಅದು ಇನ್ನೂ ಅರಗಿಲ್ಲ."

ಧನಪಾಲರು ಬಿಸಿನೀರು ಕುಡಿದು ಮುಗಿಸಿದರು. ಬಸ್ಸಿನ ಹೊತ್ತಾಗಿತ್ತು.

ನಿಪ್ಪಾಣಿಯ ಬಸ್ಸು ಆಗಲೇ ಬಂದು ನಿಂತಿತ್ತು. ಚಂದ್ರಮತಿಯವರು ಹತ್ತಿ ಕಿಟಕಿಯ ಪಕ್ಕ ಕುಳಿತರು. ಧನಪಾಲರು ಕೆಳಗೆ ಕಿಟಕಿಯ ಸರಳು ಹಿಡಿದು ನಿಂತು ಕೂಸಿನ ಆರೋಗ್ಯ, ಮಗಳ ಆರೋಗ್ಯ, ಅಳಿಯನ ಆರೋಗ್ಯ ವಿಚಾರಿಸಿದರು. ವಿಚಾರಿಸಲು ಇನ್ನು ಯಾರ ಆರೋಗ್ಯವೂ ಉಳಿಯಲಿಲ್ಲ. ಆಗ ಚಂದ್ರಮತಿಯವರೇ ಈಗ ನೋವಿದೆಯೇ ಎಂದು ಮೆಲ್ಲಗೆ ಕೇಳಿದರು. ಸದ್ಯ ಇಲ್ಲ, ಬಸ್ಸು ಹೋದ ಮೇಲೆ ಬರುತ್ತದೆ ಎಂದರು ಧನಪಾಲರು.

ಚಂದ್ರಮತಿಯವರು ಪಕ್ಕದ ಸೀಟಿನ ಮೇಲೆ ಇಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಕಂಡಕ್ಟರು ಸೀಟಿ ಊದಿದ. ಹತ್ತುವವರೋ ಕಳಿಸಲು ಬಂದವರೋ ಎಂದು ಧನಪಾಲರನ್ನು ಕೇಳಿದ. ಮಗಳ ಮನೆಯಲ್ಲಿ ಹೋಗಿ ಉಳಿಯುವುದೆಂದರೆ ಅವರ ಮನೆತನದಲ್ಲಿ ಕೇಳರಿಯದ ಮಾತು. ಮೈಮೇಲಿನ ಬಟ್ಟೆ, ಹೆಗಲ ಮೇಲಿನ ಎರಡು ಶಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಅಂಗಡಿಗೆ ಬೀಗವನ್ನೂ ಹಾಕಿರಲಿಲ್ಲ. ಧನಪಾಲರು ಹತ್ತಿಬಿಟ್ಟರು.

ಬಸ್ಸು ಊರು ದಾಟುವ ಹೊತ್ತಿಗೆ ಅಭಿನಂದನರ ಫೋನು ಬಂತು. ಅಂಗಡಿ ತೆರೆದು ಬಿದ್ದಿದೆ, ನೀನೆಲ್ಲಿ ಎಂದು ಅವರು ಗಾಬರಿಯಿಂದ ಕೇಳುತ್ತಿದ್ದರು. ಎಂಜಿನ್ನಿನ ಸದ್ದಿಗೆ ಧನಪಾಲರು ದನಿ ಎತ್ತರಿಸಬೇಕಾಯಿತು.

"ನಿಪ್ಪಾಣಿಗೆ ಹೊಂಟೀನಿ. ಶೆಟರ್ ಎಳದಬಿಡು. ಹೇಣ್ತಿ ಇಲ್ಲದ ನನಗ ಇರಾಕ ಆಗವಲ್ದು."

ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಚಂದ್ರಮತಿಯವರು ಕಿಟಕಿಯ ಹೊರಗಿನ ಕಬ್ಬಿನ ಕಡೆ ಮುಖ ಮಾಡಿದರು, ಕಿವಿ ಮಾತ್ರ ಕೆಂಪಾಗಿತ್ತು. ಆಚೆ ಅಭಿನಂದನರು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದರು. ಧನಪಾಲರು ಎದ್ದು ನಿಂತು, ಸರಳು ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ ಅದೇ ಮಾತನ್ನು ಮತ್ತೆ ಹೇಳಿದರು. ಡ್ರೈವರು ಕನ್ನಡಿಯಲ್ಲಿ ಹಣಿಕಿದ. ಅಭಿನಂದನರಿಗೆ ಆಗಲೂ ಕೇಳಿಸಲಿಲ್ಲ. ಮೂರನೆಯ ಸಲಕ್ಕೆ ಧನಪಾಲರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಚಂದ್ರಮತಿಯವರು ಫೋನನ್ನು ಕಸಿದುಕೊಂಡು ಬಂದ್ ಮಾಡಿಬಿಟ್ಟರು.

ಆಚೆ ಸೀಟಿನಲ್ಲಿ ಕುಂಕುಮವಿಲ್ಲದ ಹಣೆಯ ಒಬ್ಬ ಮುದುಕಿ, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು.

"ಯಾಕ ಬಂದ್ ಮಾಡಿದಿ ಯವ್ವಾ?" ಎಂದಳು. "ಅನ್ಲಿ ಬಿಡ. ನನ್ನ ಗಂಡ ಸಾಯೂತನಕ ಒಮ್ಮೆನೂ ಅನಲಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಚಂದ್ರಮತಿಯವರು ಫೋನನ್ನು ಗಂಡನ ಕೈಗೆ ವಾಪಸು ಕೊಟ್ಟರು.